ಚೊಚ್ಚಲ ಪುಸ್ತಕದ ಜಮಾ ಖರ್ಚು

ನಮ್ಮ ಕಡೆ ಯಾರಾದರೂ ಮನೆ ಕಟ್ಟಿದರೆ, ಕೊಳವೆಬಾವಿ ಕೊರೆಸಿದರೆ, ಮಗಳ ಮದುವೆ ಮುಗಿಸಿದರೆ ನೆಂಟರಿಷ್ಟರ ಮೊದಲ ಪ್ರಶ್ನೆ, "ಒಟ್ಟು ಎಷ್ಟಾಯಿತು?" ಇದರಲ್ಲಿ ಮುಜುಗರವಿಲ್ಲ, ಕೆಟ್ಟ ಕುತೂಹಲವೂ ಇಲ್ಲ. ನಾಳೆ ತಮಗೂ ಆ ಕೆಲಸ ಬೀಳಬಹುದು, ಒಂದು ಅಂದಾಜು ಇರಲಿ ಎಂಬುದಷ್ಟೇ. ಹೋದ ವರ್ಷ ನನ್ನ ಮೊದಲ ಕಥಾಸಂಕಲನ ಬಂದಾಗಲೂ ಊರಿನವರು ಅದನ್ನೇ ಕೇಳಿದರು. ಘಟ್ಟದ ಮೇಲಿನ ಸಾಹಿತ್ಯದ ಗೆಳೆಯರು ಅಭಿನಂದಿಸಿದರು, ಮುಖಪುಟ ಚೆನ್ನಾಗಿದೆ ಎಂದರು, ಎರಡನೆಯದು ಯಾವಾಗ ಎಂದು ವಿಚಾರಿಸಿದರು. ಎಷ್ಟಾಯಿತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕನ್ನಡದಲ್ಲಿ ಪುಸ್ತಕ ತಂದವರು ಪ್ರೇರಣೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ದುಡ್ಡಿನ ಪ್ರಸ್ತಾಪ ಬಂದರೆ ಚಹಾ ತರಿಸುತ್ತಾರೆ. ಊರಿನವರ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಕೊಟ್ಟು ಸಾಕಾಗಿ, ಈಗ ಬರೆದೇ ಬಿಡೋಣ ಎಂದುಕೊಂಡಿದ್ದೇನೆ.

ನಾನು ಬದಿಯಡ್ಕದ ಆಸುಪಾಸಿನ ಒಂದು ಸೇವಾ ಸಹಕಾರಿ ಬ್ಯಾಂಕಿನಲ್ಲಿ ಸೀನಿಯರ್ ಕ್ಲರ್ಕ್. ಭಾಷಣಗಳಲ್ಲಿ ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರಲ್ಲ, ಆ ಸಂಗಮ ನಡೆಯುವುದು ನನ್ನ ಕೌಂಟರಿನ ಎದುರು. ಅಡವಿಟ್ಟ ಬಳೆಯನ್ನು ಬಿಡಿಸಲು ಬಂದವರು ತುಳುವಿನಲ್ಲಿ ಬಡ್ಡಿ ಕೇಳುತ್ತಾರೆ, ಸಹಿ ಕನ್ನಡದಲ್ಲಿ ಹಾಕುತ್ತಾರೆ, ನನ್ನ ರಿಜಿಸ್ಟರು ಮಲಯಾಳದಲ್ಲಿ. ಇಪ್ಪತ್ತು ವರ್ಷ ಇದನ್ನೇ ನೋಡಿದವಳಿಗೆ ಕಥೆಗೆ ಬರಗಾಲವಿಲ್ಲ. ಬರೆದದ್ದು ಕೆಲವು ಕಾಸರಗೋಡಿನ ಸಂಜೆ ಪತ್ರಿಕೆಯಲ್ಲಿ, ಕೆಲವು ದೀಪಾವಳಿ ವಿಶೇಷಾಂಕಗಳಲ್ಲಿ ಬಂದವು, ಒಂದನ್ನು ಮಂಗಳೂರು ಆಕಾಶವಾಣಿಯಲ್ಲಿ ನಾನೇ ಓದಿದೆ. ಒಟ್ಟು ಹನ್ನೊಂದು ಕಥೆ ಒಂದು ಕಡತದಲ್ಲಿ ಸೇರಿದ ಮೇಲೆ, ಇದನ್ನು ಪುಸ್ತಕ ಮಾಡಿಸಬಹುದಲ್ಲ ಎಂದು ಮೊದಲು ಹೇಳಿದವರು ನನ್ನ ಅತ್ತೆ. ಅವರು ಓದುವುದು ಪಂಚಾಂಗ ಮತ್ತು ನನ್ನ ಕಥೆಗಳು ಎರಡನ್ನೇ, ಆದ್ದರಿಂದ ಅವರ ಮಾತಿಗೆ ಬೆಲೆ ಇದೆ.

ಕಾಸರಗೋಡಿನಲ್ಲಿ ಬರೆಯುವವರಿಗೆ ಹಿರಿಯರ ಭಾರ ದೊಡ್ಡದು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ಮದರಾಸು ಸರ್ಕಾರ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿದ ಮೇಲೆ, 2015ರಲ್ಲಿ, ತೀರಿಕೊಂಡರು. ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶರಿಗೆ ಅದೇ ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರುಗಳಿಗೆ ಕೊರತೆ ಇಲ್ಲ. ಪುಸ್ತಕ ಮಾಡಿಸಬೇಕೆಂದರೆ ಮಾತ್ರ ರಾಜ್ಯದ ಗಡಿಯಾದ ತಲಪಾಡಿ ದಾಟಬೇಕು. ಮಂಗಳೂರು ಐವತ್ತು ಕಿಲೋಮೀಟರ್, ಬೆಂಗಳೂರು ರಾತ್ರಿ ಬಸ್ಸು.

ಹಸ್ತಪ್ರತಿ ಕಳಿಸುವಾಗ ಮೊದಲು ಎದುರಾದದ್ದು ಒಂದು ಆನ್‌ಲೈನ್ ಅರ್ಜಿ. ಹೆಸರು, ವಯಸ್ಸು, ಪ್ರಕಾರ ಎಲ್ಲ ತುಂಬಿಸಿದ ಮೇಲೆ 'ಜಿಲ್ಲೆ' ಎಂಬಲ್ಲಿ ಒತ್ತಿದರೆ ಕರ್ನಾಟಕದ 31 ಜಿಲ್ಲೆಗಳ ಪಟ್ಟಿ ಇಳಿಯಿತು. ಕಾಸರಗೋಡು ಇರಲಿಲ್ಲ, 'ಇತರೆ' ಎಂಬುದೂ ಇರಲಿಲ್ಲ. ಜಿಲ್ಲೆ ತುಂಬಿಸದೆ ಮುಂದಿನ ಪುಟ ತೆರೆಯುವುದಿಲ್ಲ. ದಕ್ಷಿಣ ಕನ್ನಡ ಎಂದು ಒತ್ತಿದೆ. 1956ರ ಅಕ್ಟೋಬರ್ 31ರವರೆಗೆ ಅದು ಸರಿಯಾದ ಉತ್ತರವೇ ಆಗಿತ್ತು. ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದ್ದು ವರದಿಯಲ್ಲೇ ಉಳಿಯಿತು. ನಾನು ಇರುವುದು ಹೊಳೆಯ ಉತ್ತರಕ್ಕೇ. ಆದ್ದರಿಂದ ಆ ಪಟ್ಟಿಯಲ್ಲಿ ನಾನು ಒತ್ತಿದ್ದು ಪೂರ್ತಿ ಸುಳ್ಳಲ್ಲ ಎಂಬುದು ನನ್ನ ವಾದ. ಆ ಅರ್ಜಿಗೆ ಉತ್ತರ ಬರಲಿಲ್ಲ, ಅದು ಬೇರೆ ವಿಷಯ.

ಚೊಚ್ಚಲ ಕೃತಿಗೆ ದಾರಿಗಳು ಇಲ್ಲವೆಂದಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ವಯಸ್ಸಿನ ಮಿತಿ ಇದೆ, ನನಗೆ ನಲವತ್ತಾರು. ಕಥೆಗಾರ ವಸುಧೇಂದ್ರರ ಛಂದ ಪುಸ್ತಕ, ಸಂಕಲನ ಇನ್ನೂ ತರದ ಕಥೆಗಾರರಿಗೆಂದೇ ಹಸ್ತಪ್ರತಿ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಅದರಿಂದ ಹೊರಬಂದ ಒಳ್ಳೆಯ ಕಥೆಗಾರರಿದ್ದಾರೆ. ಇಪ್ಪತ್ತು ಮೂವತ್ತರ ವಯಸ್ಸಿನವರು ಇದನ್ನು ಓದುತ್ತಿದ್ದರೆ ಮೊದಲು ಅತ್ತ ನೋಡಿ. ನಡುವಯಸ್ಸಿನಲ್ಲಿ ಬರೆಯಲು ಹೊರಟವರಿಗೆ ಹೆಚ್ಚಾಗಿ ಉಳಿಯುವುದು ಪ್ರಕಾಶಕರ ಬಾಗಿಲು.

ಆ ಬಾಗಿಲುಗಳಲ್ಲಿ ಒಂದು ಬಹಳ ಬೇಗ ತೆರೆಯಿತು. ಹಸ್ತಪ್ರತಿ ಕಳಿಸಿದ ವಾರದೊಳಗೆ ಫೋನು. ನಿಮ್ಮ ಕಥೆಗಳು ಅದ್ಭುತ, ಗಡಿನಾಡಿನ ದನಿ, ನಾವು ತರುತ್ತೇವೆ. ಮರುದಿನ ವಾಟ್ಸ್ಆ್ಯಪ್‌ನಲ್ಲಿ ಒಂದು ಪುಟದ ಪತ್ರ ಬಂತು. 'ಸಹಭಾಗಿತ್ವ ಯೋಜನೆ' ಎಂಬುದು ಅದರ ತಲೆಬರಹ. ಲೇಖಕಿ 45,000 ರೂಪಾಯಿ ಕೊಡುವುದು, ಪ್ರಕಾಶಕರು 300 ಪ್ರತಿ ಅಚ್ಚು ಹಾಕಿಸಿ 150 ಪ್ರತಿಗಳನ್ನು ಲೇಖಕಿಗೆ ಕೊಡುವುದು. ಪುಸ್ತಕದ ಬೆಲೆ 200. ಕೆಳಗೆ ಸಣ್ಣ ಅಕ್ಷರದಲ್ಲಿ ವಿವರ: ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಶುಲ್ಕ 1,500, ಪ್ರಚಾರ 5,000, ಹೀಗೆ.

ಸಾಲದ ಅರ್ಜಿ ನೋಡಿ ನೋಡಿ ನನ್ನ ಕಣ್ಣು ತಾನಾಗಿ ಕೊನೆಯ ಸಾಲಿಗೆ ಹೋಗುತ್ತದೆ. ಉಳಿದ 150 ಪ್ರತಿ ಯಾರದ್ದು, ಅವು ಮಾರಿದರೆ ದುಡ್ಡು ಯಾರಿಗೆ ಎಂಬ ಸಾಲೇ ಅಲ್ಲಿ ಇರಲಿಲ್ಲ. ನನಗೆ ಕೊಟ್ಟ ಪ್ರತಿಗಳನ್ನೆಲ್ಲ ಪೂರ್ತಿ ಬೆಲೆಗೆ ಮಾರಿದರೂ 30,000. ಅಂದರೆ ಮನೆಮನೆಗೆ ಹೊತ್ತು ಮಾರಿದ ಮೇಲೂ ಹದಿನೈದು ಸಾವಿರ ಕೈಬಿಟ್ಟು ಹೋಗುತ್ತದೆ. ಇನ್ನು ಐಎಸ್‌ಬಿಎನ್. ಅದನ್ನು ನಮ್ಮ ದೇಶದಲ್ಲಿ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮ್‌ಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ. ಹದಿಮೂರು ಅಂಕಿಗಳ ಆ ಸಂಖ್ಯೆಗೆ ಅದು ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಬಿಟ್ಟಿ ಸಿಗುವುದಕ್ಕೆ ಒಂದೂವರೆ ಸಾವಿರ ಹಾಕಿದವರು ಪ್ರಚಾರಕ್ಕೆ ಹಾಕಿದ ಐದು ಸಾವಿರದಲ್ಲಿ ಏನು ಮಾಡುತ್ತಾರೆ ಎಂದು ತಿಳಿಯಬೇಕೆನಿಸಿತು. ಫೋನು ಮಾಡಿದೆ.

"ಮೇಡಂ, ನೀವು ಕಲಾವಿದರು. ಸಾಹಿತ್ಯದಲ್ಲಿ ಇಷ್ಟೆಲ್ಲ ಲೆಕ್ಕ ನೋಡಬಾರದು."

"ನಾನು ಊಟ ಮಾಡುವುದೇ ಲೆಕ್ಕದಿಂದ ಸ್ವಾಮಿ. ಆ ನೂರೈವತ್ತು ಪ್ರತಿಯ ವಿಷಯ ಹೇಳಿ."

ನೆಟ್‌ವರ್ಕ್ ಸರಿಯಿಲ್ಲ, ಮತ್ತೆ ಮಾಡುತ್ತೇನೆ ಎಂದರು. ನೆಟ್‌ವರ್ಕ್ ಇಂದಿಗೂ ಸರಿಯಾಗಿಲ್ಲ.

ದುಡ್ಡು ಕೊಟ್ಟು ಪುಸ್ತಕ ಮಾಡಿಸುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಸ್ವಂತ ದುಡ್ಡಿನಲ್ಲಿ, ಸ್ವಂತ ಹೆಸರಿನಲ್ಲಿ ಪ್ರಕಟಿಸಿದ ದೊಡ್ಡ ಬರಹಗಾರರು ಕನ್ನಡದಲ್ಲಿ ಬೇಕಾದಷ್ಟು ಇದ್ದಾರೆ. ಆದರೆ ಅಲ್ಲಿ ಪುಸ್ತಕಗಳೂ ಅವರದೇ, ನಷ್ಟವೂ ಅವರದೇ, ಬಂದರೆ ಲಾಭವೂ ಅವರದೇ. ಇಲ್ಲಿ ನಷ್ಟ ಮಾತ್ರ ಲೇಖಕರದ್ದು. ನನ್ನ ಪುಸ್ತಕಕ್ಕೆ ನಿಜವಾಗಿ ಎಷ್ಟು ಖರ್ಚು ಬಿತ್ತು ಎಂದು ಮುಂದೆ ಹೇಳುತ್ತೇನೆ. ಅದನ್ನು ಈ ಪತ್ರದ ಪಕ್ಕದಲ್ಲಿಟ್ಟರೆ, ಆ ಮಹನೀಯರಿಗೆ ಒಂದು ಪ್ರತಿ ಮಾರುವ ಮೊದಲೇ ಇಪ್ಪತ್ತು ಸಾವಿರ ಉಳಿಯುತ್ತಿತ್ತು. ಮಾರುವ ಉಮೇದು ಅವರಿಗೆ ಎಲ್ಲಿಂದ ಬರಬೇಕು?

ಕೊನೆಗೆ ಸಿಕ್ಕಿದ್ದು ಮಂಗಳೂರಿನ ಕಡೆಯ ಒಬ್ಬ ಸಣ್ಣ ಪ್ರಕಾಶಕರು. ನಿವೃತ್ತ ಮಾಸ್ತರರು, ವರ್ಷಕ್ಕೆ ನಾಲ್ಕೈದು ಪುಸ್ತಕ ಮಾತ್ರ ತರುವವರು. ಹೆಸರು ಹಾಕಬೇಡಿ, ಹಾಕಿದರೆ ಹಸ್ತಪ್ರತಿಗಳ ಮಳೆ ಸುರಿಯುತ್ತದೆ ಎಂದಿದ್ದಾರೆ. ಅವರು ನನ್ನನ್ನು ಎದುರು ಕೂರಿಸಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಕ್ಯಾಲ್ಕುಲೇಟರ್ ಹೊರಗೆ ತೆಗೆದದ್ದು. ಅಲ್ಲಿಗೇ ನನಗೆ ಅವರ ಮೇಲೆ ವಿಶ್ವಾಸ ಬಂತು.

ಲೆಕ್ಕ ಹೀಗೆ. 144 ಪುಟ, ಡೆಮಿ 1/8 ಅಳತೆ (ಮಾಮೂಲಿ ಕಥೆಪುಸ್ತಕದ ಗಾತ್ರ), 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, 300 ಪ್ರತಿ. ಅಚ್ಚು ಮತ್ತು ಬೈಂಡಿಂಗ್ ಪ್ರತಿಗೆ 55ರಂತೆ 16,500. ಪುಟ ವಿನ್ಯಾಸ ಪುಟಕ್ಕೆ 25ರಂತೆ 3,600. ಕರಡು ತಿದ್ದುವವರಿಗೆ ಪುಟಕ್ಕೆ 10ರಂತೆ 1,440. ಮುಖಪುಟದ ಕಲಾವಿದರಿಗೆ 3,000. ಕೂಡಿದರೆ 24,540, ಪ್ರತಿಯ ಅಸಲು 81 ರೂಪಾಯಿ 80 ಪೈಸೆ. ಮುಖಬೆಲೆ 170 ಇಟ್ಟರೆ, ಮಾರಾಟಗಾರರಿಗೆ ಶೇಕಡ 40 ಬಿಟ್ಟು ಪ್ರಕಾಶಕರ ಕೈಗೆ ಬರುವುದು 102. ಅದರಲ್ಲಿ ನನ್ನ ಗೌರವಧನ ಮುಖಬೆಲೆಯ ಶೇಕಡ 10, ಅಂದರೆ 17 ರೂಪಾಯಿ. ಅಸಲು ಕಳೆದರೆ ಉಳಿಯುವುದು 3 ರೂಪಾಯಿ 20 ಪೈಸೆ.

"ಇದಕ್ಕೆ ನೀವು ಅಂಗಡಿ ಇಟ್ಟಿದ್ದೀರಾ?" ಎಂದು ಕೇಳಿದೆ.

"ಇನ್ನೂ ಮುಗಿಯಲಿಲ್ಲ," ಎಂದರು. ಲೇಖಕಿಗೆ 20 ಪ್ರತಿ ಉಚಿತ, ಪತ್ರಿಕೆ ಮತ್ತು ವಿಮರ್ಶಕರಿಗೆ 15. ಉಳಿದ 265 ಪ್ರತಿಯೂ ಅಂಗಡಿಯ ಮೂಲಕವೇ ಮಾರಿಹೋದರೆ ಬರುವ ಲಾಭ 848, ಬಿಟ್ಟಿ ಕೊಟ್ಟ 35 ಪ್ರತಿಗಳ ಅಸಲು 2,863. ಅಂಚೆ ಖರ್ಚು ಸೇರಿಸದೆಯೇ ಎರಡು ಸಾವಿರ ನಷ್ಟ. ಹಾಗಾದರೆ ಬದುಕುವುದು ಹೇಗೆ? ನೇರ ಮಾರಾಟದಿಂದ. ಬಿಡುಗಡೆಯ ದಿನ ಮೇಜಿನ ಮೇಲೆ ಹೋಗುವ ಪ್ರತಿ, ಪುಸ್ತಕ ಮೇಳದ ಮಳಿಗೆಯಲ್ಲಿ ಹೋಗುವ ಪ್ರತಿ, ಫೋನು ಮಾಡಿ ತರಿಸಿಕೊಳ್ಳುವವರ ಪ್ರತಿ, ಇವುಗಳಲ್ಲಿ ನಡುವಿನವರ ಪಾಲು ಇಲ್ಲ. ಅದರ ಮೇಲೆ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಆಯ್ಕೆಯಾದ ಪುಸ್ತಕದ ಮುನ್ನೂರರಷ್ಟು ಪ್ರತಿ ಒಟ್ಟಿಗೆ ಹೋಗುತ್ತದೆ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಶೇಕಡ 6 ಗ್ರಂಥಾಲಯ ಕರವೇ ಇಲಾಖೆಯ ಹಣದ ಮುಖ್ಯ ಮೂಲ. ಕನ್ನಡದ ಅನೇಕ ಸಣ್ಣ ಪ್ರಕಾಶನಗಳು ಉಸಿರಾಡುವುದು ಈ ಖರೀದಿಯನ್ನು ನಂಬಿಕೊಂಡು. ನಂಬಿಕೊಂಡು ಮೂರು ಸಾವಿರ ಪ್ರತಿ ಹಾಕಿ ಗೋದಾಮಿಗೆ ಬಾಡಿಗೆ ಕಟ್ಟುತ್ತಿರುವವರನ್ನೂ ಮಾಸ್ತರರು ಬಲ್ಲರು.

ಐನೂರು ಹಾಕೋಣ, ಸ್ವಲ್ಪ ಅಗ್ಗವಾಗುತ್ತದೆ ಎಂದು ನಾನು ಹೇಳಿದಾಗ ಅವರು ಒಪ್ಪಲಿಲ್ಲ. ಆಫ್‌ಸೆಟ್‌ನಲ್ಲಿ ಅಚ್ಚಿಗೆ ಬೇಕಾದ ಪ್ಲೇಟು ಮಾಡುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹಾಗಾಗಿ ಹೆಚ್ಚು ಹಾಕಿದಷ್ಟೂ ಪ್ರತಿಯ ಅಸಲು ಇಳಿಯುತ್ತದೆ ಎಂಬುದು ಕಾಗದದ ಮೇಲೆ ಸರಿ. "ಮಾರದ ಪ್ರತಿಯ ಅಸಲು ಎಷ್ಟು ಇಳಿದರೆ ಏನು?" ಎಂದರು. ಈಗ ಡಿಜಿಟಲ್ ಮುದ್ರಣ ಬಂದ ಮೇಲೆ ಐವತ್ತು, ನೂರು ಪ್ರತಿಯನ್ನೂ ಮತ್ತೆ ಹಾಕಿಸಬಹುದು. ಬೇಕಾದಾಗ ಹಾಕಿಸೋಣ. ಈ ಒಂದು ಮಾತಿಗೆ ನಾನು ಎದುರು ಹೇಳಲಿಲ್ಲ.

ಒಪ್ಪಂದಪತ್ರ ಒಂದೂವರೆ ಪುಟ. ಇದನ್ನು ಓದದೆ ಸಹಿ ಹಾಕುವವರು ಬಹಳ ಎಂದು ಕೇಳಿದ್ದೇನೆ, ನನಗೆ ಅದು ಅರ್ಥವಾಗುವುದಿಲ್ಲ. ಹತ್ತು ಸಾವಿರದ ಚಿನ್ನದ ಸಾಲಕ್ಕೆ ಷರತ್ತು ಓದಿಸಿ ಸಹಿ ಹಾಕಿಸಿಕೊಳ್ಳುವವಳು ನಾನು. ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷ ಹಕ್ಕು ಉಳಿಯುತ್ತದೆ, ಅದಕ್ಕೆ ಎಲ್ಲಿಯೂ ನೋಂದಾಯಿಸಬೇಕಾಗಿಲ್ಲ. ಹಕ್ಕನ್ನು ಬೇರೆಯವರಿಗೆ ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಎಣಿಸುತ್ತದೆ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದು ಎಣಿಸುತ್ತದೆ. ನಮ್ಮ ಒಪ್ಪಂದದಲ್ಲಿ ಮುದ್ರಿತ ಪುಸ್ತಕಕ್ಕೆ ಮೂರು ವರ್ಷ ಎಂದು ಬರೆಸಿದೆ. ಇ-ಪುಸ್ತಕ, ಧ್ವನಿಪುಸ್ತಕ, ಅನುವಾದ ನನ್ನಲ್ಲೇ ಉಳಿದವು. ಮಲಯಾಳಕ್ಕೆ ಯಾರಾದರೂ ಕೇಳಿದರೆ ಕೊಡುವವಳು ನಾನೇ ಆಗಬೇಕು ಎಂಬುದು ಒಳಗಿನ ಆಸೆ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಅರ್ಧ ಜನಕ್ಕೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಪುಸ್ತಕ ಕೊಂಡು ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ.

ಇನ್ನು ಕರಡು. ನಾನು ಟೈಪ್ ಮಾಡುವುದು ಮೊಬೈಲಿನಲ್ಲಿ, ಯೂನಿಕೋಡ್ ಅಕ್ಷರದಲ್ಲಿ. ಪುಟ ಕಟ್ಟುವವರು ಇಪ್ಪತ್ತು ವರ್ಷದಿಂದ ನುಡಿ ಅಕ್ಷರ ಮತ್ತು ಪೇಜ್‌ಮೇಕರ್‌ಗೆ ಒಗ್ಗಿದವರು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತುಗಳು ಸ್ಥಾನ ಬಿಟ್ಟು ಕದಲಿದವು, ಅಪರೂಪದ ಒತ್ತಕ್ಷರಗಳು ಉದುರಿದವು. ಐದನೆಯ ಕಥೆಯ ಲಕ್ಷ್ಮಿ ಕೊನೆಯವರೆಗೂ ಲಕ್ಷಿಯಾಗಿಯೇ ಬಾಳಿದ್ದಳು. ಅದು ಯಂತ್ರದ ಕೆಲಸ, ಬಿಡಿ. ಮನುಷ್ಯರ ಕೆಲಸವೂ ಒಂದಿತ್ತು. ನಮ್ಮ ಕಡೆಯ ಪಾತ್ರಗಳು ಮಾತಿಗೊಮ್ಮೆ 'ಎಂತ' ಎನ್ನುತ್ತವೆ. ಯಾರೋ ಪುಣ್ಯಾತ್ಮರು ಅದನ್ನು ತಪ್ಪೆಂದು ಬಗೆದು, ಇಡೀ ಕಡತದಲ್ಲಿ ಒಂದೇ ಏಟಿಗೆ 'ಏನು' ಎಂದು ಬದಲಾಯಿಸಿದ್ದರು. ಪರಿಣಾಮವಾಗಿ ಒಂದು ಗಂಭೀರ ಸಾವಿನ ಸನ್ನಿವೇಶದಲ್ಲಿ ಮುದುಕಿ, "ಏನುಹ ದಿನ ಬಂತು!" ಎಂದು ಅಳುತ್ತಿದ್ದಳು.

ಮಗಳು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಾಳೆ. ಅವಳು ಮೂಲವನ್ನು ಗಟ್ಟಿಯಾಗಿ ಓದುವುದು, ವಿರಾಮಚಿಹ್ನೆ ಸಮೇತ. ನಾನು ಕರಡಿನ ಮೇಲೆ ಅಡಿಕೋಲು ಇಟ್ಟು ಸಾಲು ಸಾಲು ಇಳಿಸುವುದು. ಬ್ಯಾಂಕಿನಲ್ಲಿ ವೋಚರ್ ತಾಳೆ ನೋಡುವ ಕ್ರಮ ಇದೇ. ಅರ್ಥದ ಗೊಡವೆಗೆ ಹೋಗಬಾರದು, ಹೋದರೆ ಕಣ್ಣು ಜಾರುತ್ತದೆ. ಅವಳು ಮಾತ್ರ ಕೆಲವೆಡೆ ನಿಂತು, "ಅಮ್ಮ, ಇದು ದೊಡ್ಡಮ್ಮನ ಕಥೆ ಅಲ್ಲವಾ?" ಎನ್ನುತ್ತಿದ್ದಳು. ಅಲ್ಪವಿರಾಮ ಮುಂದೆ ಹೇಳು ಎನ್ನುತ್ತಿದ್ದೆ.

ಈ ಎಲ್ಲದರಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಬೇರೆಯೇ. ಡೆಮಿ ಅಳತೆಯಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ. ದೊಡ್ಡ ಹಾಳೆಯ ಎರಡೂ ಬದಿಗೆ ಎಂಟೆಂಟು ಪುಟ ಅಚ್ಚಾಗಿ, ಮಡಿಸಿ, ಒಟ್ಟುಗೂಡಿಸಿ ಅಂಟಿಸುತ್ತಾರೆ. ಆದ್ದರಿಂದ ಪುಸ್ತಕದ ಪುಟಗಳು ಹದಿನಾರರ ಮಗ್ಗಿಯಲ್ಲಿ ಇದ್ದರೆ ಒಳ್ಳೆಯದು, ತಪ್ಪಿದರೆ ಅರ್ಧ ಫಾರಂ, ಎಂಟು. ನನ್ನ ಪುಸ್ತಕ ಕಟ್ಟಿ ನೋಡಿದಾಗ 147 ಬಂತು. ಒಂಬತ್ತು ಫಾರಂ ಎಂದರೆ 144. ಮೂರು ಪುಟಕ್ಕಾಗಿ ಅರ್ಧ ಫಾರಂ ಏರಿಸಿದರೆ ಖರ್ಚೂ ಹೆಚ್ಚು, ಕೊನೆಗೆ ಐದು ಪುಟ ಖಾಲಿ. ಅಕ್ಷರದ ಗಾತ್ರ ಇಳಿಸಬಹುದಿತ್ತು. ಅತ್ತೆಯಂಥ ಓದುಗರನ್ನು ನೆನೆದು ಬೇಡ ಎಂದೆ. "ಹಾಗಾದರೆ ಮೂರು ಪುಟ ಕಡಿಯಿರಿ," ಎಂದು ಮಾಸ್ತರರು ಕರಡನ್ನು ನನ್ನ ಕಡೆ ತಳ್ಳಿದರು.

ಪುಟ ತಿರುಗಿಸುತ್ತಾ ಹೋದಂತೆ ಮೂರು ಕಥೆಗಳ ಕೊನೆಯ ಪುಟದಲ್ಲಿ ಸ್ವಲ್ಪವೇ ಸಾಲುಗಳು ಕಂಡವು. ಒಂದರಲ್ಲಿ ಎರಡೂವರೆ ಸಾಲು, ಇನ್ನೊಂದರಲ್ಲಿ ಐದು, ಮತ್ತೊಂದರಲ್ಲಿ ಏಳು. ಅಷ್ಟನ್ನು ಹಿಂದಿನ ಪುಟಕ್ಕೆ ಎಳೆದುಕೊಂಡರೆ ಪುಟ ಉಳಿಯುತ್ತದೆ. ಎರಡೂವರೆ ಸಾಲಿನದು ಸುರಂಗ ತೋಡುವವನ ಕಥೆ. ನಮ್ಮ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಅಡ್ಡಡ್ಡ ಸುರಂಗ ತೋಡಿ ನೀರು ತರುತ್ತಾರಲ್ಲ, ಅಂಥ ಒಬ್ಬ ಕೆಲಸಗಾರ ಒಳಗೆ ಹೋಗಿ ತೇವ ಮುಟ್ಟುವಲ್ಲಿಗೆ ಕಥೆ ಮುಗಿಯುತ್ತಿತ್ತು. ಅನಂತರ ನಾನು, ಅವನಿಗೆ ತಂದೆಯ ನೆನಪಾಯಿತು, ಜೀವನವೂ ಒಂದು ಸುರಂಗ ಎನ್ನಿಸಿತು ಎಂದೆಲ್ಲ ಸೇರಿಸಿದ್ದೆ. ಕತ್ತರಿ ಹಾಕಿದೆ. ಐದು ಸಾಲಿನದು ಏಲಂ ಆದ ಕರಿಮಣಿಯ ಕಥೆ. ಅಲ್ಲೂ ಕೊನೆಯ ಪ್ಯಾರಾದಲ್ಲಿ ಒಬ್ಬಳು ನಿಟ್ಟುಸಿರು ಬಿಡುತ್ತಿದ್ದಳು. ಅವಳನ್ನು ಮನೆಗೆ ಕಳಿಸಿದೆ. ಏಳು ಸಾಲಿನದು ಮಾತ್ರ ಜಗ್ಗಲಿಲ್ಲ. ಕೊನೆ ಮುಟ್ಟುವ ಹಾಗಿರಲಿಲ್ಲ. ಹುಡುಕಿದಾಗ ನಡುವೆ ಮುಕ್ಕಾಲು ಪುಟ ಮಳೆ ಸಿಕ್ಕಿತು. ಕರಾವಳಿಯ ಕಥೆಗಾರರಿಗೆ ಮಳೆ ಬಂತೆಂದರೆ ಲೇಖನಿ ನಿಲ್ಲುವುದಿಲ್ಲ, ಹಂಚಿನ ಮೇಲೆ, ಅಡಿಕೆ ಸೋಗೆಯ ಮೇಲೆ, ಕೆಸುವಿನ ಎಲೆಯ ಮೇಲೆ ಬೇರೆ ಬೇರೆ ಸದ್ದು ಕೇಳಿಸುತ್ತಲೇ ಇರುತ್ತದೆ. ಕೆಸುವಿನ ಎಲೆಯನ್ನು ಉಳಿಸಿ ಉಳಿದ ಮಳೆಯನ್ನು ನಿಲ್ಲಿಸಿದೆ. 144.

ಹಿರಿಯರಿಂದ ಮುನ್ನುಡಿ ಬರೆಸುವ ಕ್ರಮವಿದೆ. ಒಬ್ಬರನ್ನು ಕೇಳಿದ್ದೆವು, ಅವರು ಒಪ್ಪಿದ್ದರು, ತಿಂಗಳುಗಳು ಹೋದವು. ಅವರಿಲ್ಲದೆಯೇ ಹೊರಟೆವು. ಮೊದಲ ಪುಸ್ತಕಕ್ಕೆ ಮುನ್ನುಡಿ ಬೇಕೇ ಬೇಕು ಎಂದು ನನಗೆ ಅನಿಸುವುದಿಲ್ಲ. ಸಾಲಕ್ಕೆ ಜಾಮೀನುದಾರರು ಬೇಕು, ಕಥೆಗೆ ಯಾಕೆ?

ಬಿಡುಗಡೆಯ ದಿನ ಗೊತ್ತುಮಾಡುವುದು ಇವೆಲ್ಲಕ್ಕಿಂತ ಕಷ್ಟದ ಕೆಲಸ. ದೀಪಾವಳಿ ಕಳೆದರೆ ನಮ್ಮಲ್ಲಿ ಯಕ್ಷಗಾನ ಮೇಳಗಳು ಹೊರಡುತ್ತವೆ, ಕೋಲ, ನೇಮ, ಬ್ರಹ್ಮಕಲಶ, ಮದುವೆ, ಗೃಹಪ್ರವೇಶ ಎಂದು ಮೇ ಕೊನೆಯ ಪತ್ತನಾಜೆಯವರೆಗೆ ಒಂದು ಭಾನುವಾರವೂ ಖಾಲಿ ಇರುವುದಿಲ್ಲ. ಪತ್ತನಾಜೆ ಕಳೆಯಿತೆಂದರೆ ಮಳೆ. ಕೊನೆಗೆ ಜೂನ್ ತಿಂಗಳ ವಾಚನ ವಾರದಲ್ಲಿ ಇಟ್ಟುಕೊಂಡೆವು. ಕೇರಳದ ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ತೀರಿಕೊಂಡದ್ದು 1995ರ ಜೂನ್ 19ರಂದು. ಮರುವರ್ಷದಿಂದ ಆ ದಿನ ರಾಜ್ಯದಲ್ಲೆಲ್ಲ ವಾಚನ ದಿನ. ಊರಿನ ಗ್ರಂಥಾಲಯದವರು ಹೇಗೂ ಆ ವಾರ ಒಂದು ಕಾರ್ಯಕ್ರಮ ಮಾಡಬೇಕು, ನನ್ನ ಪುಸ್ತಕಕ್ಕೆ ಹೇಗೂ ಒಂದು ಸಭಾಂಗಣ ಬೇಕು.

ಮಂಗಳೂರಿನಿಂದ ಕಟ್ಟುಗಳನ್ನು ಬಸ್ಸಿನಲ್ಲೇ ತಂದೆ. ಕಾಗದದ ಭಾರ ಎಂಥದ್ದೆಂದು ತಲಪಾಡಿಯಿಂದ ಈಚೆಗೆ ನಿಂತುಕೊಂಡು ಬಂದವರಿಗೆ ಗೊತ್ತು. ಕಂಡಕ್ಟರ್ ಲಗೇಜು ಟಿಕೆಟ್ ಹರಿಯುವ ಮೊದಲು ಒಳಗೇನು ಎಂದು ಕೇಳಿದ. ಪುಸ್ತಕ ಎಂದೆ. ಶಾಲೆಯದ್ದಾ ಎಂದ. ಅಲ್ಲ, ನಾನು ಬರೆದದ್ದು ಎಂದೆ. ಅವನು ನನ್ನ ಮುಖ ನೋಡಿ, ಕಟ್ಟು ನೋಡಿ, "ಇಷ್ಟೂ?" ಎಂದು ಮಲಯಾಳದಲ್ಲಿ ಕೇಳಿ ಟಿಕೆಟ್ ಹರಿದ.

ಮಳೆಯಲ್ಲೂ ಜನ ಬಂದರು. ಔಷಧಿ ಬಿಡುವ ದಿನಗಳು ಬೇರೆ. ಕೊಳೆರೋಗಕ್ಕೆ ಮೊದಲು ಅಡಿಕೆ ಮರಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಹೊಡೆಯುವವರು ಸಿಗುವುದು ಲಾಟರಿ. ಮಳೆ ಬಿಟ್ಟರೆ ಅರ್ಧ ಸಭೆ ತೋಟಕ್ಕೆ ಓಡುತ್ತಿತ್ತು. ಅದೃಷ್ಟಕ್ಕೆ ಬಿಡಲಿಲ್ಲ. ಚಹಾ, ಗೋಳಿಬಜೆ, ಸಜ್ಜಿಗೆ 3,800 ರೂಪಾಯಿ. ಆಮಂತ್ರಣ ಮತ್ತು ಬ್ಯಾನರ್ 1,350. ಶಾಲು, ಹಾರ, ಸ್ಮರಣಿಕೆ ಏನೂ ಇಟ್ಟಿರಲಿಲ್ಲ. ಅಧ್ಯಕ್ಷತೆ ವಹಿಸಿದವರಿಗೆ ಸ್ವಲ್ಪ ಬೇಸರವಾದಂತಿತ್ತು.

ಅನಂತರ ಶುರುವಾಗುವುದು 'ಗೌರವ ಪ್ರತಿ'ಯ ಕಾಲ. "ನಮಗೊಂದು ಕೊಡುವುದಿಲ್ಲವಾ?" ಎಂದು ಕೇಳುವ ಮಾವಂದಿರು, ಚಿಕ್ಕಮ್ಮಂದಿರು, ಹತ್ತನೇ ತರಗತಿಯ ಸಹಪಾಠಿಗಳು. ನಾನು ನಗುತ್ತಲೇ ನೂರೈವತ್ತು ರೂಪಾಯಿ ಎನ್ನುತ್ತಿದ್ದೆ. ಒಬ್ಬ ಮಾವ, ಐವತ್ತು ಸಾವಿರ ಠೇವಣಿ ಇಟ್ಟ ಗಿರಾಕಿಗೂ ಬಿಟ್ಟಿ ಇಲ್ಲವಾ ಎಂದರು. ಠೇವಣಿಗೆ ಬಡ್ಡಿ ಬರುತ್ತದೆ ಮಾವ, ಪುಸ್ತಕ ಬೇರೆ ಖಾತೆ ಎಂದೆ. ದುಡ್ಡು ಕೊಟ್ಟು ಕೊಂಡರು, ಓದಿದರು, ಮೂರನೆಯ ಕಥೆಯಲ್ಲಿ ಬರುವ ಜಿಪುಣ ತಾನೇ ಅಲ್ಲವೇ ಎಂದು ಅತ್ತೆಯ ಹತ್ತಿರ ವಿಚಾರಿಸಿದ್ದಾರಂತೆ. ಬಿಟ್ಟಿ ಕೊಟ್ಟಿದ್ದರೆ ಅಷ್ಟು ಜಾಗ್ರತೆಯಿಂದ ಓದುತ್ತಿದ್ದರು ಎಂದು ನನಗೆ ನಂಬಿಕೆ ಇಲ್ಲ.

ಉಚಿತ ಪ್ರತಿಗಳಲ್ಲದೆ, ಲೇಖಕರ ದರದಲ್ಲಿ 60 ಪ್ರತಿ ನಾನೇ ಕೊಂಡಿದ್ದೆ, ಪ್ರತಿಗೆ 102ರಂತೆ 6,120. ಇಲ್ಲಿ ಕೇರಳದಲ್ಲಿರುವುದು ಲಾಭಕ್ಕೆ ಬಂತು. ಊರೂರಿನ ಗ್ರಂಥಾಲಯಗಳು ಲೈಬ್ರರಿ ಕೌನ್ಸಿಲ್‌ಗೆ ಸೇರಿದವು, ಪುಸ್ತಕ ಕೊಳ್ಳಲು ಅವುಗಳಿಗೆ ಅನುದಾನ ಬರುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಗ್ರಂಥಾಲಯಗಳ ಕಾರ್ಯದರ್ಶಿಗಳಿಗೆ ಆ ದುಡ್ಡಿನಲ್ಲಿ ಕೊಳ್ಳಲು ಹೊಸ ಕನ್ನಡ ಪುಸ್ತಕ ಕೈಗೆ ಸಿಗುವುದು ಅಪರೂಪ. ಮೂರನೇ ಒಂದು ಭಾಗ ರಿಯಾಯಿತಿಯಲ್ಲಿ, 113 ರೂಪಾಯಿಯಂತೆ, 24 ಪ್ರತಿ ಹೋಯಿತು. ಬಿಲ್ಲು ಮಾಸ್ತರರ ಪ್ರಕಾಶನದ್ದು, ಹೊತ್ತವಳು ನಾನು. ನೂರೈವತ್ತರಂತೆ 30 ಪ್ರತಿ ನೆಂಟರು, ಗಿರಾಕಿಗಳು ಕೊಂಡರು. ಆರು ಪ್ರತಿಗೆ ದುಡ್ಡು ಕೇಳಲು ಬಾಯಿ ಬರಲಿಲ್ಲ. ಅದರಲ್ಲಿ ಒಂದು ನನಗೆ ಅಕ್ಷರ ಕಲಿಸಿದ ಟೀಚರಿಗೆ. ಒಟ್ಟು ಬಂದದ್ದು 7,212.

ಮಾರ್ಚ್ 31ಕ್ಕೆ ಮಾಸ್ತರರು ಲೆಕ್ಕಪತ್ರ ಕಳಿಸಿದರು, ನಾನು ಕೇಳುವ ಮೊದಲೇ. ಮಾರಿದ್ದು 212 ಪ್ರತಿ, ಗೌರವಧನ 3,604, ಖಾತೆಗೆ ಜಮಾ. ನಾನು ಕೊಂಡ ಪ್ರತಿಗಳ ಮೇಲಿನ ಲಾಭ 1,092 ಸೇರಿಸಿದರೆ ಬಂದದ್ದು 4,696. ಬಿಡುಗಡೆಯ ಖರ್ಚು 5,150. ಆದ್ದರಿಂದ ಎಷ್ಟಾಯಿತು ಎಂದು ಕೇಳಿದವರಿಗೆಲ್ಲ ಉತ್ತರ: ನನ್ನ ಕೈಯಿಂದ 454 ರೂಪಾಯಿ. ಬಸ್ಸಿನ ಖರ್ಚು ಹಾಕಿಲ್ಲ, ಮಂಗಳೂರಿಗೆ ಹೋದಾಗಲೆಲ್ಲ ಮನೆಗೆ ಬೇರೆ ಸಾಮಾನೂ ತಂದಿದ್ದೇನೆ. ಕರ್ನಾಟಕದ ಸಗಟು ಖರೀದಿಗೆ ಅರ್ಜಿ ಹೋಗಿದೆ, ಆಯ್ಕೆಯ ಪಟ್ಟಿ ಬಂದಿಲ್ಲ. ಬಂದರೆ ಎರಡನೆಯ ಮುದ್ರಣ.

ಒಂದು ವಿಷಯ ಬಾಕಿ ಇತ್ತು. ಮಾರಾಟಕ್ಕಿದ್ದ 265ರಲ್ಲಿ 212 ಹೋದರೆ ಉಳಿಯಬೇಕಾದದ್ದು 53. ಲೆಕ್ಕಪತ್ರದಲ್ಲಿ ದಾಸ್ತಾನು 47 ಎಂದಿತ್ತು. ಆರು ಪ್ರತಿ ಎಲ್ಲಿ ಎಂದು ಬರೆದೆ. ಅಂದೇ ಸಂಜೆ ಉತ್ತರ ಬಂತು: ವಿಮರ್ಶೆಗೆಂದು ಆರು ಜನರಿಗೆ ಹೆಚ್ಚುವರಿಯಾಗಿ ಕಳಿಸಲಾಗಿದೆ, ಅಂಚೆ ರಸೀದಿಗಳ ಚಿತ್ರ ಲಗತ್ತಿಸಿದೆ, ಒಬ್ಬರು ಬರೆದಿದ್ದಾರೆ, ಉಳಿದ ಐವರಿಗೆ ನೀವು ದಯವಿಟ್ಟು ಫೋನು ಮಾಡತಕ್ಕದ್ದಲ್ಲ.